ತಾಳಿಕೋಟೆಯಿಂದ ವಿಜಯಪುರಕ್ಕೆ: ಮೂರು ದಿನಗಳ ಸಂಸಾರಯಾತ್ರೆ

ನಮ್ಮ ಕಡೆಯ ಗೃಹಸ್ಥನು ಊರು ಬಿಟ್ಟು ಹೊರಡುವದಕ್ಕೆ ಕಾರಣಗಳು ನಾಲ್ಕೇ. ಮದುವೆ ಮುಂಜಿಗಳು ಒಂದು, ಜಾತ್ರೆ ಉತ್ಸವಗಳು ಎರಡು, ದವಾಖಾನೆ ಮೂರು, ಕೋರ್ಟು ಕಚೇರಿಗಳು ನಾಲ್ಕು. ಬರಿದೆ ನೋಡಿ ತಿಳಿಯಬೇಕೆಂಬ ಆಸೆಯಿಂದ ಹೆಂಡತಿ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಡುವದು ನಮ್ಮಲ್ಲಿ ಇನ್ನೂ ಪೂರಾ ರೂಢಿಗೆ ಬಂದಿಲ್ಲ. ತಾಳಿಕೋಟೆಯಲ್ಲಿ ವಿಜಯಪುರಕ್ಕೆ ಹೋಗಿ ಬಾರದ ಮನೆತನವು ಬಹುಶಃ ಒಂದೂ ಇರಲಾರದು. ಆದರೆ ಗೋಳಗುಮ್ಮಟವನ್ನು ಬಸ್ಸಿನ ಕಿಟಕಿಯಿಂದ ಕಂಡು, ದವಾಖಾನೆಯ ಚೀಟಿ ಕೈಯಲ್ಲಿ ಹಿಡಿದು, ಸಂಜೆಯ ಬಸ್ಸಿಗೆ ಮರಳಿದವರೇ ನಮ್ಮಲ್ಲಿ ಹೆಚ್ಚು. ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಊರನ್ನು ಹೀಗೆ ಕಂಡೂ ಕಾಣದೆ ಉಳಿಯುವದು ಒಂದು ಬಗೆಯ ಬಡತನವೇ ಸರಿ.

ಎರಡನೆಯ ಶನಿವಾರ, ರವಿವಾರ, ಅವುಗಳ ಬೆನ್ನಿಗೆ ಸೋಮವಾರದ ಹಬ್ಬ ಕೂಡಿದಾಗ ಮೂರು ದಿನಗಳ ಬಿಡುವು ತಾನಾಗಿಯೇ ದೊರೆಯುತ್ತದೆ. ವರ್ಷದಲ್ಲಿ ಒಂದೆರಡು ಸಲವಾದರೂ ಇಂಥ ಕೂಟ ಒದಗುವದು. ಈಚೆಗೆ ಅಂಥ ಬಿಡುವಿನಲ್ಲಿ ನಾವು ಮನೆಯವರೆಲ್ಲರೂ, ಎಂದರೆ ನಮ್ಮ ತಾಯಿಯವರು, ಮನೆಯಾಕೆ, ಹನ್ನೊಂದು ವರ್ಷದ ಮಗ, ಎಂಟು ವರ್ಷದ ಮಗಳು ಕೂಡಿ ವಿಜಯಪುರಕ್ಕೆ ಹೋಗಿ ಬಂದೆವು. ಕಂಡದ್ದನ್ನೂ, ಮಕ್ಕಳಿಗೆ ಹೇಳಬೇಕಾಗಿ ಬಂದದ್ದನ್ನೂ ಸಂಸಾರವಂದಿಗರಾದ ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ಊರಿನ ಹೆಸರು ತಂದ ಪ್ರಶ್ನೆ

ಹೊರಡುವದಕ್ಕೆ ಬಿಡುವೊಂದೇ ಕಾರಣವಾಗಿರಲಿಲ್ಲ. ಹಿಂದೂಸ್ತಾನದ ಇತಿಹಾಸ ಓದಿದ ಯಾರಿಗೇ ಆಗಲಿ, ತಾಳಿಕೋಟೆಯೆಂದರೆ ಒಂದು ಊರಲ್ಲ, ಒಂದು ಕಾಳಗವು. ಶಾಲೆಯ ಪುಸ್ತಕದಲ್ಲಿ ತಮ್ಮೂರಿನ ಹೆಸರು ಅಚ್ಚಾಗಿರುವದನ್ನು ಕಂಡು ನಮ್ಮ ಮಕ್ಕಳು ಮೊದಲು ಹಿಗ್ಗುವರು. ಬಳಿಕ ಗೊಂದಲಕ್ಕೆ ಬೀಳುವರು. ನಮ್ಮ ಓಣಿಯ ಹುಡುಗರು ಆ ಪಾಠವಾದ ವಾರದಲ್ಲಿ ಆಟದೊಳಗೆ ಎರಡು ಪಂಗಡವಾದರು. ಮಸೀದಿಗೆ ಹೋಗುವ ಮನೆಗಳ ಹುಡುಗರು ಗೆದ್ದವರಂತೆ, ಗುಡಿಗೆ ಹೋಗುವ ಮನೆಗಳ ಹುಡುಗರು ಸೋತವರಂತೆ! ನಿನ್ನೆಯವರೆಗೆ ಒಂದೇ ಬುಗುರಿಯನ್ನು ಸರತಿಯಿಂದ ಆಡಿದ ಇಬ್ಬರು ಗೆಳೆಯರು ಮೂರು ದಿನ ಮಾತು ಬಿಟ್ಟರು. ನಮ್ಮ ಮಗನು ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ಆ ಯುದ್ಧದಾಗ ನಮ್ಮೂರು ಗೆದ್ದತೋ, ಸೋತತೋ?" ಎಂದು ಕೇಳಿದನು. ಇದು ನಗುವ ಮಾತಾಗಿರಲಿಲ್ಲ. ಹನ್ನೊಂದು ವರ್ಷದ ಹುಡುಗನು ನೆರೆಮನೆಯವನನ್ನು ಹೇಗೆ ನೋಡಬೇಕೆಂಬುದು ಆ ಉತ್ತರದ ಮೇಲೆ ನಿಂತಿದ್ದಿತು.

ಮೊದಲು ತಿಳಿಸಬೇಕಾದ ಸಂಗತಿಯೆಂದರೆ, ಆ ಕಾಳಗವು ತಾಳಿಕೋಟೆಯಲ್ಲಿ ಆದದ್ದೇ ಅಲ್ಲ. 1565ನೆಯ ಇಸವಿಯ ಜನವರಿ 23ರಂದು ಅದು ಇಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಬಳಿಯಲ್ಲಿ ಜರುಗಿತು. ಹೊಳೆಯ ದಂಡೆಯ ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರು ಕೂಡಿಸಿ ಅದನ್ನು ರಕ್ಕಸತಂಗಡಿಯ ಯುದ್ಧವೆಂದೂ ಕರೆಯುತ್ತಾರೆ. ವಿಜಾಪುರ, ಅಹಮದನಗರ, ಗೋಲಕೊಂಡ, ಬೀದರಗಳ ಸುಲ್ತಾನರ ದಂಡುಗಳು ಮುಂದೆ ನಡೆಯುವ ಮುನ್ನ ನಮ್ಮೂರ ಬಯಲಿನಲ್ಲಿ ಬೀಡು ಬಿಟ್ಟಿದ್ದವು. ಅಷ್ಟಕ್ಕೇ ಊರಿನ ಹೆಸರು ಯುದ್ಧಕ್ಕೆ ಅಂಟಿತು. ನಮ್ಮೂರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ದಂಡಿನ ಕುದುರೆಗಳಿಗೆ ಹುಲ್ಲು ನೀರು ಒದಗಿಸಿದ್ದೇ ಊರವರ ಪಾಲಿಗೆ ಬಂದಿರಬೇಕು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಆ ಅರಸರು ಬರಿದೆ ಎರಡು ಮತಗಳ ಪಂಗಡಗಳಾಗಿ ನಿಂತವರಲ್ಲ. ಗೋಲಕೊಂಡದ ಇಬ್ರಾಹಿಂ ಕುತುಬ ಶಹನು ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದನು. ವಿಜಾಪುರದ ಒಂದನೆಯ ಅಲಿ ಆದಿಲ ಶಹನು ಅಳಿಯ ರಾಮರಾಯನಿಗೆ ಪುತ್ರಶೋಕ ಉಂಟಾದಾಗ ತಾನೇ ವಿಜಯನಗರಕ್ಕೆ ಹೋಗಿ ಸಂತೈಸಿದನೆಂದು ಫೆರಿಸ್ತನು ಬರೆದಿರುವನು. ಆ ಮೇಲೆ ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದದ್ದೂ ಉಂಟು. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ದಳಪತಿಗಳಿದ್ದರು. ಇಂದಿನ ಗೆಳೆಯ ನಾಳಿನ ವೈರಿ ಎಂಬುದೇ ಆ ಕಾಲದ ರಾಜಕಾರಣದ ಬಗೆಯಾಗಿತ್ತು. ಆದರೂ ಯುದ್ಧದ ಕ್ರೌರ್ಯವನ್ನು ಮಕ್ಕಳಿಂದ ಮರೆಮಾಚತಕ್ಕದ್ದಲ್ಲ. ಮುದುಕನಾದ ರಾಮರಾಯನ ತಲೆ ಕಡಿದರು. ವಿಜಯನಗರವನ್ನು ತಿಂಗಳುಗಟ್ಟಲೆ ಸೂರೆ ಮಾಡಿ ಹಾಳುಗೆಡವಿದರು. ಇದನ್ನು ಇದ್ದಂತೆ ಹೇಳಬೇಕು. ಹೇಳಿದ ಬಳಿಕ, ಗೆದ್ದವರ ಗತಿ ಮುಂದೆ ಏನಾಯಿತೆಂಬುದನ್ನು ಅವರ ರಾಜಧಾನಿಯಲ್ಲಿಯೇ ನಿಲ್ಲಿಸಿ ತೋರಿಸಬೇಕೆಂದು ನಮಗೆ ತೋರಿತು.

ಹೊರಡುವ ಮುನ್ನ

ಋತುವನ್ನು ನೋಡಿ ಹೊರಡುವದು ಒಳಿತು. ಮಳೆಗಾಲದಲ್ಲಿ ಡೋಣಿ ತುಂಬಿ ಹರಿದರೆ ನಮ್ಮ ಕಡೆಯ ದಾರಿಗಳೇ ಕಟ್ಟಿಹೋಗುವವು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಲ್ಲಿನ ಕಟ್ಟಡಗಳ ಅಂಗಳದಲ್ಲಿ ಬರಿಗಾಲು ಇಡಲಾಗದು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವು ಉತ್ತಮ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನೆರೆಯುವದರಿಂದ ಆಗ ಹೋಗುವವರು ಬಿಡಾರವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಬುತ್ತಿಯ ವಿಷಯದಲ್ಲಿ ಮನೆಯಾಕೆಯ ಮಾತೇ ಕೊನೆಯದು. ಖಡಕ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಮಕ್ಕಳಿಗೆ ಶೇಂಗಾ ಹೋಳಿಗೆ. ಇಷ್ಟಿದ್ದರೆ ಮೂರು ದಿನದ ಫರಾಳದ ಖರ್ಚು ಅರ್ಧಕ್ಕರ್ಧ ಉಳಿಯುವದು. ಬಿಸಿ ಊಟವನ್ನು ದಿನಕ್ಕೊಮ್ಮೆ ಖಾನಾವಳಿಯಲ್ಲಿ ಮಾಡಿದರೆ ಸಾಕು. ಮೊಸರು, ಉಳ್ಳಾಗಡ್ಡಿ ಎಲ್ಲಿಯೂ ದೊರೆಯುವವು. ಪ್ರಾಚೀನ ವಸ್ತು ಇಲಾಖೆಯವರು ಶುಲ್ಕ ತೆಗೆದುಕೊಳ್ಳುವ ಕಟ್ಟಡಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಇರುವದನ್ನೂ ನೆನಪಿಡಬೇಕು.

ಎಲ್ಲಕ್ಕಿಂತ ಮಿಗಿಲಾದ ಸಿದ್ಧತೆಯೆಂದರೆ ನೋಡುವ ಸ್ಥಳಗಳನ್ನು ಕಡಿಮೆ ಮಾಡುವದು. ವಿಜಯಪುರದಲ್ಲಿ ಕಟ್ಟಡಗಳು ಲೆಕ್ಕವಿಲ್ಲದಷ್ಟು. ಇಪ್ಪತ್ತು ಕಡೆಗೆ ಓಡಿದರೆ ಮಕ್ಕಳ ನೆನಪಿನಲ್ಲಿ ಕಾಲುನೋವೊಂದೇ ಉಳಿಯುವದು. ನಾವು ಏಳೆಂಟು ಸ್ಥಳಗಳನ್ನು ಮಾತ್ರ ಆರಿಸಿಕೊಂಡೆವು. ಮಗಳ ಕೈಗೆ ಒಂದು ನೋಟುಬುಕ್ಕು ಕೊಟ್ಟು, ದಿನಕ್ಕೆ ಮೂರು ಸಂಗತಿ ಬರೆಯಬೇಕೆಂದು ಹೇಳಿದೆವು. ಮೊಬೈಲು ಹಿರಿಯರ ಚೀಲದಲ್ಲಿಯೇ ಉಳಿಯಿತು.

ಮೊದಲನೆಯ ದಿನ: ಗೆಲವಿನ ಗುರುತುಗಳು

ಹೂವಿನಹಿಪ್ಪರಗಿ, ಬಸವನಬಾಗೇವಾಡಿ, ಮನಗೂಳಿಗಳ ಮೇಲಿಂದ ಹೋಗುವ ಬಸ್ಸಿನಲ್ಲಿ ಮುಂಜಾನೆ ಹೊರಟೆವು. ಇಕ್ಕೆಲದಲ್ಲಿಯೂ ಕರಿಯ ಎರೆಭೂಮಿ, ಬಿಳಿಜೋಳದ ಹಸುರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಿ ಇಳಿದು, ಬಸವೇಶ್ವರ ಗುಡಿಗೆ ಹೋಗಿ ಕೈಮುಗಿದು, ಮುಂದಿನ ಬಸ್ಸು ಹಿಡಿದೆವು. ಮಧ್ಯಾಹ್ನದ ಹೊತ್ತಿಗೆ ವಿಜಯಪುರ ಸೇರಿ, ಬಿಡಾರದಲ್ಲಿ ಬುತ್ತಿ ಬಿಚ್ಚಿ, ಬಿಸಿಲಿಳಿದ ಮೇಲೆ ಜಾಮಿ ಮಸೀದಿಗೆ ನಡೆದೆವು.

ಈ ಮಸೀದಿಯನ್ನು ಮೊದಲು ನೋಡಿದ್ದು ಬೇಕೆಂದೇ. 1565ರ ಗೆಲವಿನ ಬಳಿಕ ಒಂದನೆಯ ಅಲಿ ಆದಿಲ ಶಹನು ಇದನ್ನು ಕಟ್ಟಿಸತೊಡಗಿದನು; ವಿಜಯನಗರದಿಂದ ತಂದ ಸಂಪತ್ತು ಇದಕ್ಕೆ ವೆಚ್ಚವಾಯಿತೆಂದು ಜನರು ಹೇಳುತ್ತ ಬಂದಿರುವರು. ಊರನ್ನು ಸುತ್ತಿದ ಹತ್ತು ಕಿಲೋಮೀಟರಿನಷ್ಟು ಉದ್ದದ ಕೋಟೆಗೋಡೆಯೂ ಅವನ ಕಾಲದ್ದೇ. ಮಸೀದಿಯ ಒಳಗೆ ಕಮಾನುಗಳ ಸಾಲು ಸಾಲು, ಸುಣ್ಣದ ಬಿಳುಪು, ನೆರಳಿನ ತಂಪು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಜನರು ಪ್ರಾರ್ಥನೆಗೆ ನಿಲ್ಲುವ ಚೌಕಗಳನ್ನು ಗೆರೆಯೆಳೆದು ಗುರುತಿಸಿರುವರು. ಇವು ಔರಂಗಜೇಬನು ಮಾಡಿಸಿದವೆಂದು ಹೇಳುತ್ತಾರೆ. ಆಡಂಬರವಿಲ್ಲದ ಈ ಗಾಂಭೀರ್ಯವನ್ನು ಕಂಡು ನಮ್ಮ ತಾಯಿಯವರು ಸೆರಗು ತಲೆಯ ಮೇಲೆಳೆದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತರು.

ಅಲ್ಲಿಂದ ಅರಕಿಲ್ಲೆಯ ಗಗನ ಮಹಲಿಗೆ ಹೋದೆವು. 1561ರಲ್ಲಿ ಇದೇ ಅಲಿಯು ಕಟ್ಟಿಸಿದ ದರ್ಬಾರು. ಮಧ್ಯದ ಕಮಾನು ಇಂದಿಗೂ ಎದೆಯುಬ್ಬಿಸಿ ನಿಂತಿದೆ. ಮಾಳಿಗೆ ಮಾತ್ರ ಇಲ್ಲ. ಮಗನನ್ನು ಆ ಕಮಾನಿನ ಎದುರಿಗೆ ನಿಲ್ಲಿಸಿ ಉಳಿದ ಕಥೆಯನ್ನು ಹೇಳಿದೆವು. 1686ರಲ್ಲಿ ದಿಲ್ಲಿಯ ಔರಂಗಜೇಬನ ದಂಡು ಈ ಊರನ್ನು ಮುತ್ತಿ ಹಿಡಿಯಿತು. ಆಗ ಅರಸನಾಗಿದ್ದ ಸಿಕಂದರ ಆದಿಲ ಶಹನು ನಾಲ್ಕು ವರ್ಷದ ಕೂಸಿದ್ದಾಗ ಪಟ್ಟವೇರಿದವನು. ಸೋತಾಗ ಹದಿನೆಂಟರ ತರುಣ. ಬೆಳ್ಳಿಯ ಸರಪಳಿ ತೊಡಿಸಿ ಅವನನ್ನು ಈ ಮಹಲಿನಲ್ಲಿಯೇ ಔರಂಗಜೇಬನ ಮುಂದೆ ತಂದು ನಿಲ್ಲಿಸಿದರೆಂದು ಹೇಳಿಕೆಯುಂಟು. 1565ರಿಂದ 1686ಕ್ಕೆ ನೂರಾ ಇಪ್ಪತ್ತೊಂದು ವರ್ಷ. ಗೆದ್ದವನ ಮನೆತನಕ್ಕೆ ಗೆಲವು ದಕ್ಕಿದ್ದು ಅಷ್ಟೇ ಕಾಲ. ಸೋಲಿಸಿದವನೂ ಅದೇ ಮತದವನು. ಮಗನು ಕೇಳಿ, "ಹಂಗಾರ ಗೆದ್ದವರು ಯಾರೂ ಇಲ್ಲೇನು?" ಎಂದನು. ನಾವು ಉತ್ತರ ಕೊಡಲಿಲ್ಲ. ಇನ್ನೆರಡು ದಿನ ನೋಡೆಂದೆವು.

ಎರಡನೆಯ ದಿನ: ಗುಮ್ಮಟ, ಬಾವಿ, ತಂಬೂರಿ

ಗೋಳಗುಮ್ಮಟಕ್ಕೆ ಹೊತ್ತು ಹುಟ್ಟುವಾಗಲೇ ಹೋಗತಕ್ಕದ್ದು. ಹೊತ್ತೇರಿದಂತೆ ಜನ ತುಂಬಿ, ಎಲ್ಲರೂ ಕೂಗುವದರಿಂದ ಯಾರ ಕೂಗೂ ಕೇಳಿಸದು. ಮಹಮ್ಮದ ಆದಿಲ ಶಹನು ಬದುಕಿದ್ದಾಗಲೇ ತನಗಾಗಿ ಕಟ್ಟಿಸಿದ ಗೋರಿ ಇದು. 1656ರಲ್ಲಿ ಅವನು ತೀರಿಕೊಂಡಾಗಲೂ ಗಿಲಾಯದ ಕೆಲಸ ಪೂರ್ತಿಯಾಗಿರಲಿಲ್ಲ. ಹದಿನೆಂಟು ಸಾವಿರ ಚದರ ಅಡಿಗಳಷ್ಟು ನೆಲದ ಮೇಲೆ ನಡುವೆ ಒಂದೂ ಕಂಬವಿಲ್ಲದೆ, ಒಳವ್ಯಾಸ ಸುಮಾರು 124 ಅಡಿಯ ಗುಮ್ಮಟ ನಿಂತಿದೆ. ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳು ಅದರ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಮನೆಯಲ್ಲಿ ಹೆಣೆದ ಬುಟ್ಟಿಯ ಕಂಠವನ್ನು ನೋಡಿದವರಿಗೆ ಈ ಹೆಣಿಗೆಯ ಮರ್ಮವು ಬೇಗ ತಿಳಿಯುವದು.

ಮೂಲೆಯ ಏಳಂತಸ್ತಿನ ಮಿನಾರಿನೊಳಗಿನ ಮೆಟ್ಟಿಲುಗಳು ಕಡಿದು. ಮೊಣಕಾಲು ನೋವಿದ್ದವರು ಏರತಕ್ಕದ್ದಲ್ಲ. ತಾಯಿಯವರು ಕೆಳಗೆ ವಸ್ತುಸಂಗ್ರಹಾಲಯದ ಎದುರಿನ ಮರದ ನೆರಳಿನಲ್ಲಿ ಉಳಿದರು. ನೂರಡಿಗೂ ಮೇಲಿನ ಒಳಮೊಗಸಾಲೆಯಲ್ಲಿ ಮಗಳು ಗೋಡೆಗೆ ಬಾಯಿಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಗೆ ನಿಂತ ಅಣ್ಣನ ಕಿವಿಗೆ ಸ್ಪಷ್ಟವಾಗಿ ಮುಟ್ಟಿತು. ಮಾತು ಬಾಗಿದ ಗೋಡೆಗುಂಟ ಹರಿದು ಹೋಗುವದೇ ಇದಕ್ಕೆ ಕಾರಣ. ಚಪ್ಪಾಳೆ ಹೊಡೆದರೆ ಅದು ಏಳೆಂಟು ಸಲ ಮರುದನಿಗೊಡುವದು. ಕೆಟ್ಟ ಮಾತನ್ನೂ ಅದು ಏಳು ಸಲ ತಿರುಗಿ ಹೇಳುತ್ತದೆಂಬ ಎಚ್ಚರವನ್ನು ಮಕ್ಕಳಿಗೆ ಮೊದಲೇ ಕೊಟ್ಟಿದ್ದೆವು.

ಮಧ್ಯಾಹ್ನ ಟಾಂಗಾ ಮಾಡಿಕೊಂಡು ಊರ ಪಡುವಣ ಬದಿಗೆ ಹೋದೆವು. ಅಲ್ಲಿಯ ತಾಜ ಬಾವಡಿಯನ್ನು ನೋಡದೆ ವಿಜಯಪುರ ನೋಡಿದೆವೆನ್ನುವದು ಸಲ್ಲದು. ಎರಡನೆಯ ಇಬ್ರಾಹಿಮ ಆದಿಲ ಶಹನ ರಾಣಿ ತಾಜ ಸುಲ್ತಾನಳ ಹೆಸರಿನಲ್ಲಿ ಮಲಿಕ ಸಂದಲನು 1620ರ ಸುಮಾರಿಗೆ ಕಟ್ಟಿಸಿದ ಬಾವಿ ಇದು. ಬಾವಿಯೆಂದರೂ ಒಂದೊಂದು ಬದಿಗೆ ಇನ್ನೂರಡಿಗೂ ಮಿಕ್ಕ ಚೌಕದ ಕೆರೆಯೇ ಸರಿ. ದೊಡ್ಡ ಕಮಾನಿನ ಕೆಳಗಿಂದ ಮೆಟ್ಟಿಲಿಳಿದರೆ ನೀರು. ಎರಡೂ ಪಕ್ಕದಲ್ಲಿ ದಾರಿಕಾರರು ತಂಗುವ ಸಾಲುಕೋಣೆಗಳು. ಬಹುಕಾಲ ಕಸದಿಂದ ತುಂಬಿದ್ದ ಇದನ್ನು ಈಚಿನ ವರ್ಷಗಳಲ್ಲಿ ಹೂಳೆತ್ತಿ ಹಸನು ಮಾಡಿರುವರು.

ವಿಜಾಪುರದ ಅರಸರು ನೀರಿಗಾಗಿ ಮಾಡಿದ ಕೆಲಸವು ಗುಮ್ಮಟಕ್ಕಿಂತ ಕಡಿಮೆಯದಲ್ಲ. ಪಡುವಣದ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ದಕ್ಷಿಣದಲ್ಲಿ 1651ರಲ್ಲಿ ಬೇಗಂ ತಲಾಬನ್ನು ಕಟ್ಟಿ, ಗಾರೆಯಲ್ಲಿ ಹುಗಿದ ಮಣ್ಣಿನ ಕೊಳವೆಗಳಿಂದ ಊರಿಗೆ ಹರಿಸಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯದಂತೆ ದಾರಿಯುದ್ದಕ್ಕೂ ಗಂಜ ಎಂಬ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದರು; ಅವುಗಳಲ್ಲಿ ಕೆಲವು ಈಗಲೂ ಓಣಿಗಳ ನಡುವೆ ನಿಂತಿವೆ. ಇಂದು ನಗರಕ್ಕೆ ಕೃಷ್ಣೆಯ ನೀರು ಬರುತ್ತಿದೆ. ಆದರೂ ಬರಗಾಲದ ಈ ಸೀಮೆಯಲ್ಲಿ ತಲೆತಲಾಂತರದ ಜನರು ಬದುಕಿದ್ದು ಇಂಥ ಬಾವಿ ಕೆರೆಗಳಿಂದ. ಡೋಣಿಯ ಉಪ್ಪುನೀರಿನ ದಂಡೆಯಲ್ಲಿ ಹುಟ್ಟಿ, ಸಿಹಿನೀರಿನ ಕೊಡಕ್ಕಾಗಿ ಎಳೆಯಂದಿನಿಂದ ನಡೆದ ನಮ್ಮ ತಾಯಿಯವರು ತಾಜ ಬಾವಡಿಯ ಮೆಟ್ಟಿಲ ಮೇಲೆ ಕೂತು, "ಗುಮ್ಮಟ ನೋಡಿದ್ರ ಕಣ್ಣು ತುಂಬತೈತಿ, ತಮ್ಮಾ, ಬಾವಿ ನೋಡಿದ್ರ ಹೊಟ್ಟಿ ತಣ್ಣಗಾಗತೈತಿ," ಎಂದರು. ಮೂರು ದಿನಗಳಲ್ಲಿ ನಾವು ಕೇಳಿದ ಅತ್ಯಂತ ಸಾರವತ್ತಾದ ಮಾತು ಅದೇ.

ಸಂಜೆಯ ಎಳೆಬಿಸಿಲನ್ನು ಇಬ್ರಾಹಿಮ ರೋಜಾಕ್ಕೆಂದು ಉಳಿಸಿಕೊಂಡಿದ್ದೆವು. ಇದೂ ಮಲಿಕ ಸಂದಲನ ಕೈಗೆಲಸವೇ. ತಾಜ ಸುಲ್ತಾನಳಿಗೆಂದು ತೊಡಗಿದ ಗೋರಿಯಲ್ಲಿ 1627ರಲ್ಲಿ ತೀರಿಕೊಂಡ ಇಬ್ರಾಹಿಮನೂ ಮಲಗಿರುವನು. ಇದಕ್ಕೆ ಒಂದೂವರೆ ಲಕ್ಷದ ಮೇಲೆ ಒಂಬೈನೂರು ಹೊನ್ನು ವೆಚ್ಚವಾಯಿತೆಂದು ಬಾಗಿಲಿನ ಶಾಸನವೇ ಲೆಕ್ಕ ಕೊಡುತ್ತದೆ. ಮನೆಯ ಖರ್ಚು ಬರೆದಿಡುವ ಗೃಹಿಣಿಯರಿಗೆ ಇದು ಹಿಡಿಸುವ ಮಾತು. ಕಿಟಕಿಗಳ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲಂದ್ರವಾಗಿ ಕೊರೆದಿರುವರು. ಒಳಗಿನ ನಾಲ್ವತ್ತಡಿ ಚೌಕದ ಕೋಣೆಗೆ ಚಪ್ಪಟೆಯಾದ ಕಲ್ಲಿನ ಮಾಳಿಗೆ. ಅದಕ್ಕೆ ಆಧಾರವೇನೆಂಬುದು ಕಣ್ಣಿಗೆ ಬೀಳದು.

ಈ ಇಬ್ರಾಹಿಮನ ವಿಷಯವನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ತಾಳಿಕೋಟೆಯ ಕಾಳಗವಾಗಿ ಹದಿನೈದೇ ವರ್ಷಕ್ಕೆ ಪಟ್ಟವೇರಿದವನು, ಕಾಳಗ ಗೆದ್ದ ಅಲಿಯ ತಮ್ಮನ ಮಗನು. ಅವನು ದಖ್ಖನಿ ಭಾಷೆಯಲ್ಲಿ ರಚಿಸಿದ 'ಕಿತಾಬ್-ಎ-ನವರಸ' ಎಂಬ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ತನ್ನ ತಂಬೂರಿಗೆ ಮೋತೀಖಾನನೆಂದು ಹೆಸರಿಟ್ಟು ಮನೆಯ ಮಗುವಿನಂತೆ ಮುದ್ದಿಸಿದನು. ಜನರು ಅವನನ್ನು ಜಗದ್ಗುರುವೆಂದು ಕರೆದರು. ತಂಬೂರಿಗೆ ಹೆಸರಿಟ್ಟ ಅರಸನ ಕಥೆ ಕೇಳಿ ಮಗಳು ಅದನ್ನು ನೋಟುಬುಕ್ಕಿನಲ್ಲಿ ಮೊದಲ ಸಾಲಿಗೆ ಬರೆದುಕೊಂಡಳು.

ಮೂರನೆಯ ದಿನ: ತೋಪು ಮತ್ತು ಬರೀ ಕಮಾನುಗಳು

ಸೋಮವಾರ ಮುಂಜಾನೆ ಪಡುವಣ ಕೋಟೆಯ ಮೇಲಿನ ಮಲಿಕ-ಎ-ಮೈದಾನ ತೋಪನ್ನು ನೋಡಿದೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಹದಿನಾಲ್ಕು ಅಡಿಗೂ ಮಿಕ್ಕ ಉದ್ದ, ಸುಮಾರು ಐವತ್ತೈದು ಟನ್ನು ತೂಕ. ಬಾಯಿ ತೆರೆದ ಮೃಗವು ಆನೆಯನ್ನು ಹಲ್ಲಿನಲ್ಲಿ ಅಗಿಯುವಂತೆ ಅದರ ಮುಖವನ್ನು ರೂಪಿಸಿರುವರು. ನಮ್ಮೂರ ಹೆಸರಿನ ಕಾಳಗದಲ್ಲಿ ಇದು ಗರ್ಜಿಸಿತೆಂದು ಹೇಳುವರು. ಇಂಥ ರಣಭೈರವನನ್ನು 1854ರಲ್ಲಿ ಲಿಲಾವಿಗಿಟ್ಟಾಗ ಬಂದ ಬೆಲೆ ನೂರಾ ಐವತ್ತು ರೂಪಾಯಿ! ಆ ಬಳಿಕ ವಿವೇಕ ಹುಟ್ಟಿ ಮಾರಾಟವನ್ನು ರದ್ದುಪಡಿಸಿದ್ದರಿಂದ ತೋಪು ಉಳಿಯಿತು. ಇದನ್ನು ಕೇಳಿದಾಗ ಮಗನು ತಾನಾಗಿಯೇ ನಕ್ಕನು.

ಸಮೀಪದ ಉಪ್ಪಲಿ ಬುರುಜನ್ನು 1584ರಲ್ಲಿ ಹೈದರಖಾನನು ಕಟ್ಟಿಸಿದನು. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳಿಂದ ಎಂಬತ್ತಡಿ ಮೇಲೇರಿದರೆ ಊರೆಲ್ಲವೂ ಕಾಣುವದು. ಕೊನೆಗೆ ಬಾರಾ ಕಮಾನ. ತಂದೆಯ ಗೋಳಗುಮ್ಮಟವನ್ನು ಮೀರಿಸಬೇಕೆಂದು ಎರಡನೆಯ ಅಲಿ ಆದಿಲ ಶಹನು ತೊಡಗಿದ ಗೋರಿ. 1672ರಲ್ಲಿ ಅವನು ತೀರಿಕೊಂಡಾಗ ಮಾಳಿಗೆಯಿಲ್ಲದ ಕಮಾನುಗಳಷ್ಟೇ ಎದ್ದಿದ್ದವು. ಇಂದಿಗೂ ಅವು ಆಕಾಶವನ್ನೇ ಹೊತ್ತು ನಿಂತಿವೆ. ಹದಿನಾಲ್ಕು ವರ್ಷಗಳಲ್ಲಿ ರಾಜ್ಯವೇ ಹೋಯಿತು.

ಈ ಊರಿನ ಹಿರಿಮೆ ಅರಸರೊಂದಿಗೆ ಮುಗಿಯಲಿಲ್ಲವೆಂಬುದನ್ನೂ ಮಕ್ಕಳಿಗೆ ತಿಳಿಸಿದೆವು. ಫ. ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದುಕೊಂಡು, ಮನೆಮನೆಗಳ ಜಂತಿಯಲ್ಲಿ ಹುಳು ಹಿಡಿಯುತ್ತಿದ್ದ ತಾಡವೋಲೆಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅವರ ಹಿಂದೆ ದಂಡಿರಲಿಲ್ಲ, ಭಂಡಾರವಿರಲಿಲ್ಲ. ಇಂದು ಮನೆಗಳಲ್ಲಿ ವಚನಗಳನ್ನು ಓದುವವರೆಲ್ಲ ಅವರ ಋಣದಲ್ಲಿರುವರು.

ಹುಡುಗನ ಉತ್ತರ

ಮರಳುವ ಬಸ್ಸಿನಲ್ಲಿ ಮಗನು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, "ಅಪ್ಪಾ, ತೋಪಿನ ಬೆಲೆ ನೂರಾ ಐವತ್ತು ರೂಪಾಯಿ ಆತು. ಬಾವಿ ಮಾತ್ರ ಇನ್ನೂ ಬಾವಿನs ಐತಿ," ಎಂದನು. ಗೆದ್ದವರು ಯಾರೆಂಬ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ. ನಾವೂ ಅದಕ್ಕೆ ನೀತಿಯ ಬಾಲ ಹಚ್ಚಲಿಲ್ಲ. ನೋಡಿದ್ದನ್ನು ಮಕ್ಕಳು ತಾವೇ ಕೂಡಿಸಿಕೊಳ್ಳುವರು. ಹಿರಿಯರ ಕೆಲಸವು ಸರಿಯಾದ ಸ್ಥಳದಲ್ಲಿ ನಿಲ್ಲಿಸಿ, ಇದ್ದದ್ದನ್ನು ಇದ್ದಂತೆ ಹೇಳುವದಷ್ಟೇ.

ಆದರೆ ವಿಜಯಪುರವನ್ನು ನೋಡಿದ ಮಾತ್ರಕ್ಕೆ ತಾಳಿಕೋಟೆಯವರ ಕರ್ತವ್ಯವು ಮುಗಿಯದು. ಕಥೆಯ ಉಳಿದ ಅರ್ಧವು ಹಂಪೆಯಲ್ಲಿದೆ. ಕಟ್ಟಿದ್ದನ್ನು ನೋಡಿದವರು ಕೆಡವಿದ್ದನ್ನೂ ನೋಡಬೇಕು. ಕೆಡವಿದ ಮೇಲೂ ಉಳಿದ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೂ, ಇಂದಿಗೂ ಪೂಜೆ ನಡೆಯುವ ವಿರೂಪಾಕ್ಷನ ಗುಡಿಯನ್ನೂ ನೋಡಬೇಕು. ಹಾದಿಯಲ್ಲಿ ಕೃಷ್ಣೆಯನ್ನು ದಾಟುವಾಗ ಆ 1565ರ ಮುಂಜಾವನ್ನು ಒಂದು ಗಳಿಗೆ ನೆನೆಯಬೇಕು. ಮುಂದಿನ ಮೂರು ದಿನದ ಬಿಡುವಿಗೆ ಆ ಯಾತ್ರೆಯೆಂದು ನಮ್ಮಲ್ಲಿ ಗೊತ್ತಾಗಿದೆ. ಮಗನ ಗೆಳೆಯನ ಮನೆಯವರೂ ನಮ್ಮೊಡನೆ ಬರುವರು. ಎರಡು ಮನೆಯ ಬುತ್ತಿ ಕೂಡಿದರೆ ರುಚಿಯೂ ಹೆಚ್ಚು, ಖರ್ಚೂ ಕಡಿಮೆ.